ತರಗತಿಯಲ್ಲಿ ಕುರ್ಚಿ ಇಲ್ಲ, ಸೊಂಟ ನೋವು ಬಿಡುತ್ತಿಲ್ಲ: ಟೀಚರುಗಳು ಏನು ಮಾಡುತ್ತಿದ್ದೀರಿ?

ಸೀಮೆಸುಣ್ಣ (ಹುಬ್ಬಳ್ಳಿ)
ಎಲ್ಲರಿಗೂ ನಮಸ್ಕಾರ. ಖಾಸಗಿ ಶಾಲೆಯೊಂದರಲ್ಲಿ 3 ಮತ್ತು 4ನೇ ತರಗತಿಗೆ ಗಣಿತ, ಪರಿಸರ ಅಧ್ಯಯನ ಹೇಳಿಕೊಡುತ್ತೇನೆ. ನಮ್ಮಲ್ಲಿ ತರಗತಿಯ ಕುರ್ಚಿಗಳನ್ನೆಲ್ಲ ತೆಗೆಸಿದ್ದಾರೆ. ಟೀಚರ್ ಕೂತರೆ ಪಾಠ ನಡೆಯುವುದಿಲ್ಲ ಅನ್ನುವುದು ಆಡಳಿತದವರ ನಂಬಿಕೆ. ಕ್ಯಾಮೆರಾ ಬೇರೆ ಇದೆ. ಊಟದ ಬಿಡುವು ಬಿಟ್ಟರೆ ದಿನಪೂರ್ತಿ ನಿಂತೇ ಇರಬೇಕು.

ಮಧ್ಯಾಹ್ನದ ಹೊತ್ತಿಗೆ ಸೊಂಟ ಬಿಗಿಯುತ್ತದೆ. ಸಂಜೆ ನೋಟ್‌ಬುಕ್ ಹೊತ್ತು ತಂದು, ಮಂಚದ ಮೇಲೆ ಕೂತು ತಿದ್ದುತ್ತೇನೆ. ಮುಗಿಸಿ ಏಳುವಾಗ ನೆಟ್ಟಗೆ ನಿಲ್ಲುವುದೇ ಕಷ್ಟ. ಕಾಲಿಗೆ ನೋವು ಇಳಿಯುವುದಿಲ್ಲ, ಜೋಮು ಇಲ್ಲ. ವಯಸ್ಸು 36. ಈ ನೋವು ಶುರುವಾಗಿ ಸುಮಾರು ನಾಲ್ಕು ತಿಂಗಳಾಯಿತು, ಬರುತ್ತೆ ಹೋಗುತ್ತೆ.

ಮೆಡಿಕಲ್ ಶಾಪಿನವರು ಬೆಲ್ಟ್ ಕಟ್ಟಿ ಅಂದರು. ಅತ್ತೆ ಎಣ್ಣೆ ಹಚ್ಚು ಅಂತಾರೆ. ಮನೆಯವರು ಎಂಆರ್‌ಐ ಮಾಡಿಸೋಣ ಅಂತಾರೆ. ಇದೇ ಕೆಲಸದಲ್ಲಿರುವವರು ಹೇಳಿ, ನೀವು ಹೇಗೆ ನಿಭಾಯಿಸುತ್ತಿದ್ದೀರಿ?

ಬಯಲುಸೀಮೆ
ಕುರ್ಚಿ ತೆಗೆಸಿದ್ದಾರಾ? ಇದು ಅನ್ಯಾಯ. ನಮ್ಮ ಕಡೆಯ ಕೆಲವು ಶಾಲೆಗಳಲ್ಲೂ ಇದೇ ಕಥೆ. ಫೀಸ್ ಕಟ್ಟುವ ಪೋಷಕರಿಗೆ ಟೀಚರ್ ನಿಂತಿರುವುದು ಕಂಡರೆ ಸಮಾಧಾನವಂತೆ.

ನಿವೃತ್ತ ಹೆಡ್‌ಮಾಸ್ಟರ್ (ತುಮಕೂರು)
ಮಗಳೇ, ನಿನ್ನ ನೋವು ಅರ್ಥವಾಗುತ್ತದೆ. ಆದರೆ ಒಂದು ಮಾತು ಹೇಳಲೇಬೇಕು. ನಮ್ಮ ಕಾಲದಲ್ಲಿ ನಾವೂ ನಿಂತೇ ಪಾಠ ಮಾಡಿದವರು. ಮೇಜಿನ ಹಿಂದೆ ಕೂತ ಮೇಷ್ಟ್ರಿಗೆ ಹಿಂದಿನ ಬೆಂಚಿನ ಮಕ್ಕಳು ಕಾಣುವುದಿಲ್ಲ. ನಿಂತು, ಓಡಾಡಿ ಪಾಠ ಮಾಡುವುದು ಒಳ್ಳೆಯ ಅಭ್ಯಾಸ. ಈಗಿನವರಿಗೆ ದೇಹಶ್ರಮ ಕಡಿಮೆ, ಅದಕ್ಕೇ ನೋವು ಜಾಸ್ತಿ.

ಗಣಿತದ ಮೇಷ್ಟ್ರು
ಸರ್, ಗೌರವದಿಂದಲೇ ಹೇಳುತ್ತೇನೆ, ಹೋಲಿಕೆ ಸರಿಯಿಲ್ಲ. ನಿಮ್ಮ ಕಾಲದಲ್ಲಿ ಮೂರು ಮೈಲಿ ನಡೆದು ಶಾಲೆಗೆ ಹೋಗುತ್ತಿದ್ದಿರಿ. ಬೇಕೆಂದಾಗ ಕೂರುವ ಸ್ವಾತಂತ್ರ್ಯವೂ ಇತ್ತು. ಇವರಿಗೆ ಎರಡೂ ಇಲ್ಲ. ನಿಲ್ಲುವುದು ಬೇರೆ, ಕೂರಬಾರದು ಅನ್ನುವುದು ಬೇರೆ. ಪಾಠ ಮಾಡುವಾಗ ನಾನೂ ನಿಂತಿರುತ್ತೇನೆ. ಆದರೆ ಮಕ್ಕಳು ಲೆಕ್ಕ ಬಿಡಿಸುವ ಹತ್ತು ನಿಮಿಷ ನಾನು ಕೂತರೆ ಯಾರ ಗಂಟು ಹೋಗುತ್ತದೆ?

ನಲಿಕಲಿ ಅಕ್ಕ (ಎಚ್.ಡಿ. ಕೋಟೆ)
ನಮ್ಮದು ಇದಕ್ಕೆ ಪೂರ್ತಿ ಉಲ್ಟಾ ಸಮಸ್ಯೆ. ಸರ್ಕಾರಿ ಶಾಲೆಯಲ್ಲಿ ನಲಿಕಲಿ (ಚಟುವಟಿಕೆ ಮಾಡುತ್ತ, ನಲಿಯುತ್ತ ಕಲಿಯುವ ಪದ್ಧತಿ) ಮಾಡುತ್ತೇನೆ, 1ರಿಂದ 3ನೇ ತರಗತಿ ಒಟ್ಟಿಗೆ. 1995ರಲ್ಲಿ ನಮ್ಮ ತಾಲ್ಲೂಕಿನಲ್ಲೇ ಶುರುವಾದ ಪದ್ಧತಿ ಇದು, ನನಗೆ ಬಹಳ ಇಷ್ಟ. ಆದರೆ ದಿನವೆಲ್ಲ ನೆಲ. ಮಕ್ಕಳು ಐದು ತಟ್ಟೆಗಳಲ್ಲಿ, ಅಂದರೆ ಐದು ಗುಂಪುಗಳಲ್ಲಿ ಕೂತಿರುತ್ತಾರೆ. ನಾನು ಒಂದು ಗುಂಪಿನಲ್ಲಿ ಕೂತು ಕಲಿಸಿ, ಎದ್ದು, ಇನ್ನೊಂದು ಗುಂಪಿಗೆ ಬಗ್ಗಿ, ಮತ್ತೆ ಕೂರಬೇಕು. ಮಕ್ಕಳು ಬರೆಯುವ ಗೋಡೆ ಹಲಗೆ ನನ್ನ ಮೊಣಕಾಲಿನ ಎತ್ತರಕ್ಕೆ ಇದೆ. ಮಕ್ಕಳ ಕೆಲಸ ನೇತುಹಾಕಲು ತಲೆಯ ಮೇಲೆ ಕಟ್ಟಿರುವ ಕಲಿಕಾ ಚಪ್ಪರಕ್ಕೆ ಏನಾದರೂ ಕಟ್ಟಬೇಕೆಂದರೆ ಕೈ ಮೇಲೆತ್ತಿ ನಿಲ್ಲಬೇಕು. ಕೂತು, ಎದ್ದು, ಬಗ್ಗಿ ಸೊಂಟಕ್ಕೂ ಮಂಡಿಗೂ ಒಟ್ಟಿಗೇ ಬಂದಿದೆ. ಯಾರಾದರೂ ಇದಕ್ಕೂ ದಾರಿ ಹೇಳಿ.

ಕರಾವಳಿ ಫಿಸಿಯೋ (ಮಂಗಳೂರು)
ನಾನು ಫಿಸಿಯೋಥೆರಪಿಸ್ಟ್. ನನ್ನ ಹತ್ತಿರ ಬರುವವರಲ್ಲಿ ಟೀಚರುಗಳು, ಬೀಡಿ ಕಟ್ಟುವವರು, ಬಸ್ ಡ್ರೈವರುಗಳು ಜಾಸ್ತಿ. ಮೂವರ ಕೆಲಸದಲ್ಲೂ ಸಮಾನವಾಗಿರುವುದು ಒಂದೇ: ಒಂದೇ ಭಂಗಿಯಲ್ಲಿ ತುಂಬ ಹೊತ್ತು ಇರುವುದು.

ಸೀಮೆಸುಣ್ಣ ಮೇಡಂ, ಮೊದಲು ಹೆದರಿಕೆ ಬಿಡಿ. ಸೊಂಟ ನೋವಿನಲ್ಲಿ ನೂರಕ್ಕೆ ಸುಮಾರು 90 ಇಂಥ ಮೂಳೆಯಿಂದ, ಇಂಥ ನರದಿಂದ ಅಂತ ಬೆರಳಿಟ್ಟು ತೋರಿಸಲು ಆಗದಂಥವು. ನೋವು ನಿಜ, ಆದರೆ ಒಳಗೆ ಏನೋ ಮುರಿದಿದೆ ಅಂತ ಅರ್ಥ ಅಲ್ಲ. ನಿಮ್ಮದು ಮೂರು ತಿಂಗಳು ದಾಟಿರುವುದರಿಂದ ಒಮ್ಮೆ ಡಾಕ್ಟರ್ ಹತ್ತಿರ ತೋರಿಸಿ. ಆದರೆ ನೇರ ಸ್ಕ್ಯಾನ್‌ಗೆ ಓಡಬೇಡಿ.

ಯಾಕೆಂದರೆ, 2015ರಲ್ಲಿ ಒಂದು ದೊಡ್ಡ ವಿಮರ್ಶೆ ಪ್ರಕಟವಾಯಿತು. ಬೆನ್ನು ನೋವೇ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನ್ ನೋಡಿದರು. 20ರ ಪ್ರಾಯದವರಲ್ಲೇ ಶೇ 30 ಮಂದಿಗೆ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಉಬ್ಬಿತ್ತು, 80ರವರಲ್ಲಿ ಶೇ 84. ಅಂದರೆ ನಿಮಗೆ ಇವತ್ತು ಎಂಆರ್‌ಐ ಮಾಡಿಸಿದರೆ ಏನಾದರೂ ಒಂದು ಕಾಣಿಸುವ ಸಾಧ್ಯತೆಯೇ ಹೆಚ್ಚು. ಆ ರಿಪೋರ್ಟ್ ಓದಿ ಹೆದರಿ, ಓಡಾಟ ಬಿಟ್ಟು ಮಲಗಿದವರನ್ನು ಬಹಳ ನೋಡಿದ್ದೇನೆ. ಮಲಗಿದಷ್ಟೂ ಸ್ನಾಯು ಸೋಲುತ್ತದೆ.

ತಡ ಮಾಡಲೇಬಾರದ ಲಕ್ಷಣಗಳೂ ಇವೆ. ಮಲ ಮೂತ್ರದ ಹಿಡಿತ ತಪ್ಪುವುದು, ತೊಡೆಸಂದಿನ ಸುತ್ತ ಮುಟ್ಟಿದರೆ ಗೊತ್ತಾಗದಿರುವುದು, ಕಾಲಿನ ಬಲ ಕುಂದುವುದು. ಇವುಗಳಲ್ಲಿ ಯಾವುದಾದರೂ ಒಂದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ, ನಾಳೆ ನೋಡೋಣ ಅನ್ನಬೇಡಿ. ನೋವಿನ ಜೊತೆ ಜ್ವರ, ಸುಮ್ಮನೆ ತೂಕ ಇಳಿಯುವುದು, ಬಿದ್ದು ಏಟಾಗಿರುವುದು, ಹಿಂದೆ ಕ್ಯಾನ್ಸರ್ ಆಗಿದ್ದಿದ್ದು, ಇಂಥದ್ದಿದ್ದರೂ ಡಾಕ್ಟರಿಗೆ ಬೇಗ ಹೇಳಿ.

ತುಂಗಾತೀರ
ಬೆಲ್ಟ್ ವಿಷಯ ಹೇಳಲಿಲ್ಲವಲ್ಲ ಡಾಕ್ಟ್ರೇ? ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವನು. ಬೆಲ್ಟ್ ಕಟ್ಟಿಕೊಂಡೇ ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಬಿಚ್ಚಿದರೆ ನಿಲ್ಲುವುದಕ್ಕೆ ಧೈರ್ಯ ಬರುವುದಿಲ್ಲ.

ಕರಾವಳಿ ಫಿಸಿಯೋ (ಮಂಗಳೂರು)
ಸರ್, ಆ ಧೈರ್ಯ ಹೋಗುವುದೇ ಬೆಲ್ಟ್‌ನ ತೊಂದರೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರಿನಲ್ಲಿ ದೀರ್ಘಕಾಲದ ಸೊಂಟ ನೋವಿಗೆ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ಬೆಲ್ಟ್ ಮತ್ತು ಟ್ರ್ಯಾಕ್ಷನ್ (ಬೆನ್ನನ್ನು ಎಳೆದು ಹಿಡಿಯುವ ಚಿಕಿತ್ಸೆ) ಎರಡನ್ನೂ ಮಾಮೂಲಿ ಚಿಕಿತ್ಸೆಯಾಗಿ ಕೊಡಬೇಡಿ ಅಂತಲೇ ಇದೆ. ಶಿಫಾರಸು ಮಾಡಿರುವುದರಲ್ಲಿ ವ್ಯಾಯಾಮ ಇದೆ, ನೋವಿನ ಬಗ್ಗೆ ತಿಳಿವಳಿಕೆ ಕೊಡುವುದು ಇದೆ. ನೀವು ಒಂದೇ ಸಲ ಬಿಚ್ಚಿ ಎಸೆಯಬೇಡಿ. ಮೊದಲು ಮನೆಯಲ್ಲಿ ಇರುವಾಗ ಬಿಡಿ, ಆಮೇಲೆ ಬೆಳಗಿನ ಪಿರಿಯಡ್‌ಗಳಲ್ಲಿ ಬಿಡಿ. ಜೊತೆಗೆ ವ್ಯಾಯಾಮ ಶುರು ಮಾಡಿ. ಆಪರೇಷನ್ ಆದವರಿಗೆ, ಮೂಳೆ ಮುರಿದವರಿಗೆ ಡಾಕ್ಟರ್ ಹೇಳಿದ್ದರೆ ಅದು ಬೇರೆ ವಿಷಯ, ಅವರು ಕಟ್ಟಲಿ.

ತುಂಗಾತೀರ
ನನಗೆ ಒಪ್ಪಿಗೆಯಿಲ್ಲ. ನನ್ನ ಮೈಗೆ ಏನು ಹಿಡಿಸುತ್ತದೆ ಅಂತ ನನಗೆ ಗೊತ್ತು. ಬಸ್ಸಿನಲ್ಲಿ ನಿಂತು ಹೋಗುವಾಗ ಬೆಲ್ಟ್ ಇಲ್ಲದಿದ್ದರೆ ಆಗುವುದೇ ಇಲ್ಲ. ಆದರೂ ಮನೆಯಲ್ಲಿ ಬಿಟ್ಟು ನೋಡುತ್ತೇನೆ.

ಮಂಡ್ಯದ ಮಾತು
ನಮ್ಮೂರಲ್ಲಿ ಉಳುಕು ಹಿಡಿದರೆ ಕಾಲು ಮುಂದಾಗಿ ಹುಟ್ಟಿದವರ ಹತ್ತಿರ ಬೆನ್ನಿಗೆ ಒದೆಸಿಕೊಳ್ಳುತ್ತಾರೆ. ನಮ್ಮ ಚಿಕ್ಕಪ್ಪನಿಗೆ ಮೂರೇ ಸಲಕ್ಕೆ ಹೋಯಿತು.

ಕರಾವಳಿ ಫಿಸಿಯೋ (ಮಂಗಳೂರು)
ದಯವಿಟ್ಟು ಬೇಡ. ಉಳುಕು ಬಹಳ ಸಲ ತಾನಾಗಿಯೇ ಕೆಲವು ದಿನಗಳಲ್ಲಿ ಇಳಿಯುತ್ತದೆ, ಹೆಸರು ಒದ್ದವರಿಗೆ ಬರುತ್ತದೆ. ಮೂಳೆ ಸವೆದ ವಯಸ್ಸಾದವರಿಗೆ ಹೀಗೆ ಒದ್ದರೆ ಮುರಿಯಬಹುದು.

ಕಾಪಿ ಬುಕ್
ಎಲ್ಲರೂ ನಿಲ್ಲುವುದರ ಬಗ್ಗೆ ಮಾತಾಡುತ್ತಿದ್ದೀರಿ. ನನ್ನ ಪ್ರಕಾರ ನಿಜವಾದ ಶತ್ರು ನೋಟ್‌ಬುಕ್. 200 ಪುಟದ ಒಂದು ಪುಸ್ತಕ ಕಾಲು ಕೆಜಿ ತೂಗುತ್ತದೆ. 40 ಮಕ್ಕಳದ್ದು ಸೇರಿದರೆ 10 ಕೆಜಿ. ಅದನ್ನು ಎದೆಯ ಮುಂದೆ ಜೋಡಿಸಿಕೊಂಡು, ಗಲ್ಲದಿಂದ ಒತ್ತಿ ಹಿಡಿದು, ಮೂರನೇ ಮಹಡಿಯಿಂದ ಸ್ಟಾಫ್ ರೂಮಿಗೆ ಇಳಿಯುತ್ತೇವೆ. ಕೆಳಗಿನ ಮೆಟ್ಟಿಲು ಕಾಣುವುದಿಲ್ಲ. ಪ್ರಾಥಮಿಕ ಹಂತದಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರಿರಬೇಕು ಅಂತ ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ ಹೇಳುತ್ತದೆ. ನಮ್ಮ ಶಾಲೆಯ ಒಂದು ಸೆಕ್ಷನ್‌ನಲ್ಲಿ ಎಷ್ಟಿದ್ದಾರೆ ಅಂತ ಹೇಳಿದರೆ ನಂಬುವುದಿಲ್ಲ.

ಗಣಿತದ ಮೇಷ್ಟ್ರು
ನಾನು ಒಂದೇ ದಿನ ಎಲ್ಲರ ಪುಸ್ತಕ ತೆಗೆದುಕೊಳ್ಳುವುದನ್ನೇ ನಿಲ್ಲಿಸಿದೆ. ಸೋಮವಾರ ಮೊದಲ ಎರಡು ಸಾಲು, ಮಂಗಳವಾರ ಮುಂದಿನ ಎರಡು ಸಾಲು. ವಾರ ಮುಗಿಯುವಷ್ಟರಲ್ಲಿ ಎಲ್ಲರದ್ದೂ ಆಗುತ್ತದೆ, ಹೊರೆಯೂ ಇಲ್ಲ. ಅರ್ಧದಷ್ಟು ತರಗತಿಯಲ್ಲೇ ತಿದ್ದಿ ಕೊಟ್ಟುಬಿಡುತ್ತೇನೆ. ತಪ್ಪು ಎಲ್ಲಿ ಅಂತ ಮಗುವಿಗೂ ಅಲ್ಲೇ ಗೊತ್ತಾಗುತ್ತದೆ. ಮನೆಗೆ ಹೊತ್ತು ಹೋಗಿ ಕೆಂಪು ಶಾಯಿ ಹಾಕಿ ಮೂರು ದಿನ ಬಿಟ್ಟು ಕೊಟ್ಟರೆ ಆ ಮಗು ನೋಡುವುದೂ ಇಲ್ಲ.

ಕಾಪಿ ಬುಕ್
ಒಳ್ಳೆಯ ಉಪಾಯ ಸರ್. ಆದರೆ ನಮ್ಮಲ್ಲಿ ಶನಿವಾರ ಎಲ್ಲ ಪುಸ್ತಕ ಚೆಕ್ ಆಗಿದೆಯಾ ಅಂತ ಕೋಆರ್ಡಿನೇಟರ್ ನೋಡುತ್ತಾರೆ. ಸರದಿ ಪದ್ಧತಿಗೆ ಅವರ ಒಪ್ಪಿಗೆ ಬೇಕು. ಕೇಳಿ ನೋಡುತ್ತೇನೆ.

ಕರಾವಳಿ ಫಿಸಿಯೋ (ಮಂಗಳೂರು)
ಹೊರುವ ವಿಧಾನವೂ ಮುಖ್ಯ. 10 ಕೆಜಿಯನ್ನು ಕೈ ಮುಂದೆ ಚಾಚಿ ಹಿಡಿದರೆ ಸೊಂಟದ ಮೇಲೆ ಬೀಳುವ ಒತ್ತಡ, ಮೈಗೆ ಅಂಟಿಸಿ ಹಿಡಿದಾಗ ಬೀಳುವುದಕ್ಕಿಂತ ಎಷ್ಟೋ ಪಾಲು ಜಾಸ್ತಿ. ನೀರಿನ ಕೊಡವನ್ನು ಹೆಂಗಸರು ಸೊಂಟಕ್ಕೆ ಒತ್ತಿ ಹಿಡಿಯುವ ಹಾಗೆ ಹೊರೆ ಮೈಗೆ ಹತ್ತಿರ ಇರಲಿ. ಎರಡು ಭಾಗ ಮಾಡಿ ಎರಡು ಸಲ ಒಯ್ಯಿರಿ. ಹೊರೆ ಕೈಯಲ್ಲಿರುವಾಗ ಸೊಂಟ ತಿರುಚಬೇಡಿ, ಪಾದ ತಿರುಗಿಸಿ. ಒಂದೇ ಹೆಗಲಿಗೆ ನೇತು ಹಾಕುವ ವ್ಯಾನಿಟಿ ಬ್ಯಾಗಿನಲ್ಲಿ ಲ್ಯಾಪ್‌ಟಾಪ್, ಟಿಫಿನ್, ನೀರಿನ ಬಾಟಲಿ, ಪುಸ್ತಕ ಎಲ್ಲ ತುಂಬುವುದನ್ನು ಬಿಡಿ. ಎರಡು ಹೆಗಲಿನ ಬ್ಯಾಗ್ ಹಾಕಿ.

ಬಯಲುಸೀಮೆ
ಬ್ಯಾಗ್ ಅಂದ ಕೂಡಲೇ ನೆನಪಾಯಿತು. 2019ರಲ್ಲಿ ನಮ್ಮ ಶಿಕ್ಷಣ ಇಲಾಖೆ ಮಕ್ಕಳ ಬ್ಯಾಗಿಗೆ ಮಿತಿ ಹಾಕಿತು, ಮಗುವಿನ ತೂಕದ ಶೇ 10 ಮೀರಬಾರದು ಅಂತ. 1, 2ನೇ ತರಗತಿಗೆ ಹೆಚ್ಚೆಂದರೆ 2 ಕೆಜಿ. ಒಳ್ಳೆಯ ಆದೇಶ. ಶಿಕ್ಷಕರು ಹೊರುವುದಕ್ಕೂ ಒಂದು ಮಿತಿ ಬೇಕಲ್ವಾ?

ಇಬ್ಬರು ಮಕ್ಕಳ ಅಮ್ಮ
ಆ ಆದೇಶ ಪಾಲನೆ ಆಗುತ್ತಿದೆಯಾ? ನನ್ನ ಮಗಳು 5ನೇ ಕ್ಲಾಸು. ಅವಳ ಬ್ಯಾಗ್ ನಾನೇ ಎತ್ತಲು ಆಗುವುದಿಲ್ಲ. ವರ್ಕ್‌ಬುಕ್, ಟೆಕ್ಸ್ಟ್‌ಬುಕ್, ಡೈರಿ, ಎಲ್ಲವೂ ಪ್ರತಿದಿನ ಬೇಕಂತೆ.

ಗಣಿತದ ಮೇಷ್ಟ್ರು
ಮೇಡಂ, ಅದಕ್ಕೆ ಬೇರೆ ಚರ್ಚೆ ಶುರು ಮಾಡಿ, ನಾವೆಲ್ಲ ಬರುತ್ತೇವೆ. ಇಲ್ಲಿ ಶಿಕ್ಷಕರ ಬೆನ್ನಿನ ವಿಷಯ ಮುಗಿಯಲಿ.

ಕರಾವಳಿ ಫಿಸಿಯೋ (ಮಂಗಳೂರು)
ನಲಿಕಲಿ ಅಕ್ಕ, ನಿಮ್ಮ ಪ್ರಶ್ನೆಗೆ ಉತ್ತರ ಬಾಕಿ ಇತ್ತು. ಚಕ್ಕಳಮಕ್ಕಳ ಹಾಕಿ ಕೂರುವುದೇ ಕೆಟ್ಟದ್ದು ಅಂತ ಅಲ್ಲ. ಕೂತಾಗ ಸೊಂಟ ಹಿಂದಕ್ಕೆ ಜಾರಿ ಬೆನ್ನು ಗೂನಾಗುವುದು ತೊಂದರೆ. ಕುಂಡೆಯ ಕೆಳಗೆ ಮಣೆಯನ್ನೋ, ನಾಲ್ಕು ಮಡಿಕೆ ಮಾಡಿದ ಕಂಬಳಿಯನ್ನೋ ಹಾಕಿಕೊಳ್ಳಿ. ಮೂರು ನಾಲ್ಕು ಇಂಚು ಎತ್ತರ ಸಿಕ್ಕಿದರೆ ಮಂಡಿ ಸೊಂಟಕ್ಕಿಂತ ಕೆಳಗೆ ಬರುತ್ತದೆ, ಬೆನ್ನು ತಾನಾಗಿಯೇ ನೇರವಾಗುತ್ತದೆ. ನೀವು ಕೂರುವ ಗುಂಪನ್ನು ಗೋಡೆ ಪಕ್ಕಕ್ಕೆ ಇಟ್ಟುಕೊಳ್ಳಿ, ಒರಗಲು ಆಗುತ್ತದೆ. ಹತ್ತು ನಿಮಿಷಕ್ಕೊಮ್ಮೆ ಕಾಲು ಬದಲಿಸಿ.

ಏಳುವಾಗ ಒಂದು ಮಂಡಿ ನೆಲದ ಮೇಲೆ, ಇನ್ನೊಂದು ಪಾದ ಮುಂದೆ, ಕೈಯನ್ನು ಆ ತೊಡೆಯ ಮೇಲೆ ಊರಿ ಏಳಿ. ಸೊಂಟ ಬಗ್ಗಿಸಿ ನೆಲಕ್ಕೆ ಕೈ ಊರಿ ಏಳುವ ಅಭ್ಯಾಸ ಬೇಡ. ಗೋಡೆ ಹಲಗೆಯ ಹತ್ತಿರ ಬಗ್ಗಿ ನಿಲ್ಲುವ ಬದಲು ಒಂದು ಸಣ್ಣ ಸ್ಟೂಲ್ ಇಟ್ಟುಕೊಳ್ಳಿ, ಮಕ್ಕಳ ಕಣ್ಣಿನ ಮಟ್ಟಕ್ಕೇ ಬರುತ್ತೀರಿ. ಮಂಡಿ ನೋವಿದ್ದರೆ ಇಡೀ ದಿನ ನೆಲದ ಮೇಲೆ ಕೂರಲೇಬೇಡಿ, ಆ ಸ್ಟೂಲೇ ನಿಮ್ಮ ಜಾಗ.

ನಲಿಕಲಿ ಅಕ್ಕ (ಎಚ್.ಡಿ. ಕೋಟೆ)
ಬಹಳ ಉಪಕಾರ. ಮಣೆ ಅಡುಗೆ ಕೋಣೆಯಲ್ಲೇ ಇದೆ, ಬಿಸಿಯೂಟದವರದ್ದು. ನಾಳೆಯೇ ಕೇಳುತ್ತೇನೆ. ಆದರೆ ಸ್ಟೂಲ್ ಮೇಲೆ ಕೂತರೆ ನಲಿಕಲಿ ಹಾಗೆ ಕಾಣುವುದಿಲ್ಲ ಅಂತ ಭೇಟಿಗೆ ಬಂದವರು ಹೇಳಿದ್ದುಂಟು.

ಸಿಆರ್‌ಪಿ ಆಗಿದ್ದವ
ಅಕ್ಕ, ನಾನು ಕೆಲವು ವರ್ಷ ಸಿಆರ್‌ಪಿ (ಸುತ್ತಲಿನ ಶಾಲೆಗಳಿಗೆ ಭೇಟಿ ಕೊಟ್ಟು ಶಿಕ್ಷಕರಿಗೆ ನೆರವಾಗುವ ಸಂಪನ್ಮೂಲ ವ್ಯಕ್ತಿ) ಕೆಲಸ ಮಾಡಿದ್ದೇನೆ. ನಲಿಕಲಿಯಲ್ಲಿ ಮುಖ್ಯವಾದದ್ದು ಶಿಕ್ಷಕರು ಮಕ್ಕಳ ಮಟ್ಟದಲ್ಲಿ, ಮಕ್ಕಳ ಹತ್ತಿರ ಇರುವುದು. ಒಂದಡಿ ಎತ್ತರದ ಸ್ಟೂಲ್‌ನಿಂದ ಅದು ಕೆಡುವುದಿಲ್ಲ. ಮಂಡಿ ನೋವು ಇದೆ ಅಂತ ಧೈರ್ಯವಾಗಿ ಹೇಳಿ. ಭೇಟಿಗೆ ಬರುವವರು ನೋಡಬೇಕಾದದ್ದು ಮಗು ಕಲಿಕಾ ಏಣಿಯಲ್ಲಿ (ಹಂತ ಹಂತವಾಗಿ ಕಲಿಯಬೇಕಾದದ್ದರ ಪಟ್ಟಿ) ಎಷ್ಟು ಮೆಟ್ಟಿಲು ಹತ್ತಿದೆ ಅನ್ನುವುದನ್ನು. ಟೀಚರ್ ಎಲ್ಲಿ ಕೂತಿದ್ದಾರೆ ಅನ್ನುವುದನ್ನು ಬರೆದುಕೊಳ್ಳುವವರಿಗೆ ನೇರವಾಗಿ ಪ್ರಶ್ನೆ ಕೇಳಿ.

ನಿವೃತ್ತ ಹೆಡ್‌ಮಾಸ್ಟರ್ (ತುಮಕೂರು)
ಎಲ್ಲವನ್ನೂ ಓದಿದೆ. ಗಣಿತದ ಮೇಷ್ಟ್ರು ಹೇಳಿದ ಒಂದು ಮಾತು ಸರಿ: ನಿಲ್ಲುವುದು ಬೇರೆ, ಕೂರಬಾರದು ಅನ್ನುವುದು ಬೇರೆ. ಇದರಲ್ಲಿ ಹೆಡ್‌ಮಾಸ್ಟರ್ ಕೈಯಲ್ಲಿ ಬಹಳಷ್ಟು ಇದೆ. ವೇಳಾಪಟ್ಟಿ ಬರೆಯುವಾಗ ಒಬ್ಬರಿಗೇ ಸಾಲಾಗಿ ನಾಲ್ಕು ಪಿರಿಯಡ್ ಹಾಕಬಾರದು. ಎರಡು ಪಾಠದ ಪಿರಿಯಡ್ ಆದ ಮೇಲೆ ಒಂದು ಬಿಡುವೋ, ಲೈಬ್ರರಿಯೋ, ಆಟವೋ ಬರುವಂತೆ ಮಾಡಬಹುದು. ಬೆನ್ನು ನೋವಿರುವವರಿಗೆ ನೆಲ ಮಹಡಿಯ ಕೋಣೆ ಕೊಡಬಹುದು. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮುಂದೆ ಇಟ್ಟರೆ ನಾಲ್ಕು ಸ್ಟೂಲ್ ದೊಡ್ಡ ಖರ್ಚಲ್ಲ. ನನ್ನ ಶಾಲೆಯಲ್ಲಿ ಹೀಗೆ ಮಾಡುತ್ತಿದ್ದೆವು.

ಆದರೂ ಮೇಜಿನ ಹಿಂದೆ ಇಡೀ ಪಿರಿಯಡ್ ಕೂರುವುದನ್ನು ನಾನು ಒಪ್ಪುವುದಿಲ್ಲ. ಅದು ಮಕ್ಕಳಿಗೂ ಒಳ್ಳೆಯದಲ್ಲ, ಬೆನ್ನಿಗೂ ಒಳ್ಳೆಯದಲ್ಲ.

ಅತಿಥಿ ಶಿಕ್ಷಕ (ರಾಯಚೂರು)
ಸರ್, ನೀವು ಹೇಳುವುದೆಲ್ಲ ಕಾಯಂ ನೌಕರರಿಗೆ. ನಮಗೆ ಗೌರವಧನ. ಆಸ್ಪತ್ರೆಗೆ ಅಂತ ಒಂದು ದಿನ ಹೋಗಲೂ ಹೆದರಿಕೆ. ಮುಂದಿನ ವರ್ಷ ಕರೆಯುತ್ತಾರೋ ಇಲ್ಲವೋ ಅನ್ನುವ ಚಿಂತೆ. ಸೊಂಟ ಹಿಡಿದ ದಿನವೂ ಮಾತ್ರೆ ನುಂಗಿ ನಿಲ್ಲುತ್ತೇವೆ. ದಾರಿಯಲ್ಲಿ ಬೈಕಿಗೆ ಸಿಗುವ ಗುಂಡಿಗಳು ಬೇರೆ.

ಕರಾವಳಿ ಫಿಸಿಯೋ (ಮಂಗಳೂರು)
ಮಾತ್ರೆ ವಿಷಯದಲ್ಲಿ ಹುಷಾರು ಸರ್. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ನೋವಿನ ಮಾತ್ರೆಯನ್ನು ತಿಂಗಳುಗಟ್ಟಲೆ ತೆಗೆದುಕೊಂಡರೆ ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ಆಗಬಹುದು. ಸರ್ಕಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಕೀಲು ಮೂಳೆ ವಿಭಾಗಕ್ಕೆ ತೋರಿಸಿ, ಫಿಸಿಯೋಥೆರಪಿ ಇದೆಯಾ ಅಂತ ಅಲ್ಲೇ ಕೇಳಿ. ಬೈಕಿನ ಅಲುಗಾಟವೂ ಬೆನ್ನಿಗೆ ಕೆಟ್ಟದ್ದೇ. ಟೈರಿನ ಗಾಳಿ, ಶಾಕ್ ಅಬ್ಸಾರ್ಬರ್ ಸರಿ ಇಟ್ಟುಕೊಳ್ಳಿ. ಶಾಲೆ ತಲುಪಿದ ಮೇಲೆ ಎರಡು ನಿಮಿಷ ನಡೆದು ಆಮೇಲೆ ಭಾರ ಎತ್ತಿ.

ಉಡುಪಿ ಲಾಯರ್
ಕುರ್ಚಿಯ ವಿಷಯಕ್ಕೆ ಬರೋಣ. ಕೇರಳದಲ್ಲಿ ಬಟ್ಟೆ ಅಂಗಡಿಗಳ ಹೆಣ್ಣುಮಕ್ಕಳು ದಿನವಿಡೀ ನಿಲ್ಲಬೇಕಾಗಿತ್ತು. ಹೋರಾಟ ಮಾಡಿದರು. 2018ರಲ್ಲಿ ಅಲ್ಲಿನ ಸರ್ಕಾರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ತಿದ್ದಿ, ಕೂರಲು ವ್ಯವಸ್ಥೆ ಮಾಡಲೇಬೇಕು ಅಂತ ಮಾಡಿತು. 2021ರಲ್ಲಿ ತಮಿಳುನಾಡೂ ಅದನ್ನೇ ಮಾಡಿತು.

ಬಯಲುಸೀಮೆ
ಹಾಗಾದರೆ ಸೀಮೆಸುಣ್ಣ ಅಕ್ಕ ಕೋರ್ಟಿಗೆ ಹೋಗಬಹುದಲ್ಲ!

ಉಡುಪಿ ಲಾಯರ್
ಅಷ್ಟು ಬೇಗ ಹೇಳಬೇಡಿ. ಅವು ಆ ರಾಜ್ಯಗಳ ಅಂಗಡಿಗಳಿಗೆ ಮಾಡಿದ ಕಾನೂನು, ನಮ್ಮ ಶಾಲೆಗಳಿಗೆ ಅನ್ವಯಿಸುವುದಿಲ್ಲ. ಆದರೆ ಆಡಳಿತದವರ ಜೊತೆ ಮಾತಾಡುವಾಗ ಉದಾಹರಣೆ ಕೊಡಬಹುದು. ಸೀರೆ ಮಾರುವವರಿಗೆ ಕೂರುವ ಹಕ್ಕು ಕೊಟ್ಟ ರಾಜ್ಯಗಳಿವೆ, ಮಕ್ಕಳಿಗೆ ಪಾಠ ಹೇಳುವವರಿಗೆ ಯಾಕೆ ಬೇಡ ಅಂತ ಕೇಳಿ. ಒಬ್ಬರೇ ಹೋಗಬೇಡಿ. ಎಲ್ಲ ಟೀಚರುಗಳೂ ಸೇರಿ ಲಿಖಿತವಾಗಿ ಕೊಡಿ. ಡಾಕ್ಟರ್ ಚೀಟಿ ಇದ್ದರೆ ಅದನ್ನೂ ಲಗತ್ತಿಸಿ.

ಮರಗೆಲಸ (ಸಾಗರ)
ನಾನು ಬಡಗಿ, ಹೆಂಡತಿ ಟೀಚರ್. ಅವಳಿಗೆ ಎತ್ತರದ ಸ್ಟೂಲ್ ಮಾಡಿಕೊಟ್ಟೆ, ಎರಡೂಕಾಲು ಅಡಿ ಎತ್ತರ. ಮೇಲಿನ ಹಲಗೆ ಮುಂದಕ್ಕೆ ಸ್ವಲ್ಪ ಇಳಿಜಾರು. ಪೂರ್ತಿ ಕೂರುವುದಲ್ಲ, ಕುಂಡೆ ಊರಿ ಅರ್ಧ ನಿಂತ ಹಾಗೆ ಇರುವುದು. ಕ್ಲಾಸಿನ ಹಿಂದಿನ ಸಾಲೂ ಕಾಣುತ್ತದೆ. ಕಾಲಿಡಲು ಕೆಳಗೆ ಒಂದು ಅಡ್ಡಪಟ್ಟಿ ಕೊಟ್ಟಿದ್ದೇನೆ. ಅವಳು ಐದಡಿ ಎರಡಿಂಚು ಇದ್ದಾಳೆ. ಎತ್ತರ ಜಾಸ್ತಿ ಇದ್ದವರು ಎರಡು ಇಂಚು ಏರಿಸಿ. ಸಾಗುವಾನಿ ಬೇಕಿಲ್ಲ, ಅಕೇಶಿಯಾ ಸಾಕು. ನಾಲ್ಕು ಕಾಲಿಗೂ ರಬ್ಬರ್ ಬುಶ್ ಹಾಕಿಸಿ, ಇಲ್ಲದಿದ್ದರೆ ಟೈಲ್ಸ್ ಮೇಲೆ ಜಾರುತ್ತದೆ.

ಕರಾವಳಿ ಫಿಸಿಯೋ (ಮಂಗಳೂರು)
ಇದು ತುಂಬ ಒಳ್ಳೆಯದು! ಸ್ಟೂಲ್ ಇಡಲು ಬಿಡದ ಕಡೆ ಒಂದು ಇಟ್ಟಿಗೆ ಎತ್ತರದ ಮರದ ತುಂಡು ಇಟ್ಟುಕೊಳ್ಳಿ. ಒಂದು ಪಾದ ಅದರ ಮೇಲೆ, ಐದು ನಿಮಿಷಕ್ಕೆ ಇನ್ನೊಂದು ಪಾದ. ಹಳೆಯ ಶಾಲೆಗಳಲ್ಲಿ ಬೋರ್ಡಿನ ಮುಂದೆ ಕಟ್ಟೆ ಇರುತ್ತದಲ್ಲ, ಅದರ ಅಂಚೂ ಆಗುತ್ತದೆ. ಬೋರ್ಡ್ ಮೇಲೆ ಬರೆಯುವಾಗ ಹೆಗಲಿಂದ ಕಣ್ಣಿನ ಮಟ್ಟದ ನಡುವೆ ಬರೆಯಿರಿ. ಬರೆಯುತ್ತಾ ಪಕ್ಕಕ್ಕೆ ಹೆಜ್ಜೆ ಹಾಕಿ. ಕಾಲು ಅಲ್ಲೇ ಇಟ್ಟು ಸೊಂಟ ಮಾತ್ರ ತಿರುಗಿಸಿ ಮಕ್ಕಳ ಕಡೆ ನೋಡುವ ಅಭ್ಯಾಸ ಬಹಳ ಜನಕ್ಕಿದೆ, ಅದು ಬೇಡ. ಮಗುವಿನ ಡೆಸ್ಕಿಗೆ ಬಗ್ಗಿ ಪುಸ್ತಕ ನೋಡುವ ಬದಲು ಒಂದು ಮಂಡಿ ಊರಿ ಕೂತು ನೋಡಿ.

ಮೌಲ್ಯಮಾಪಕಿ (ಕಲಬುರಗಿ)
ಎಸ್‌ಎಸ್‌ಎಲ್‌ಸಿ ಮೌಲ್ಯಮಾಪನ ಶಿಬಿರದ ಕಥೆ ಯಾರೂ ಹೇಳಲಿಲ್ಲ. ಬೇಸಿಗೆ ಸೆಕೆ, ಒರಗು ಇಲ್ಲದ ಮಕ್ಕಳ ಬೆಂಚು, ತಗ್ಗಿದ ಡೆಸ್ಕು. ಬೆಳಗಿಂದ ಸಂಜೆವರೆಗೆ ತಲೆ ಬಗ್ಗಿಸಿ ಉತ್ತರ ಪತ್ರಿಕೆ ನೋಡುವುದು. ಕತ್ತು ಎತ್ತಲು ಆಗುವುದಿಲ್ಲ. ನಾನು ಈಗ ಪರೀಕ್ಷಾ ಪ್ಯಾಡ್ ಒಯ್ಯುತ್ತೇನೆ. ಅದರ ಹಿಂಬದಿಗೆ ಕೈಚೀಲ ಇಟ್ಟು ಇಳಿಜಾರು ಮಾಡಿಕೊಳ್ಳುತ್ತೇನೆ. ಹಳೇ ಅಂಗಡಿಗಳಲ್ಲಿ ಗುಮಾಸ್ತರು ಲೆಕ್ಕ ಬರೆಯುತ್ತಿದ್ದ ಇಳಿಜಾರು ಡೆಸ್ಕು ನೋಡಿರಬೇಕು, ಅದೇ ಲೆಕ್ಕ. ಪತ್ರಿಕೆ ಕಣ್ಣಿಗೆ ಹತ್ತಿರ ಬರುತ್ತದೆ, ಕತ್ತು ಅಷ್ಟು ಬಗ್ಗುವುದಿಲ್ಲ. ಒಂದೊಂದು ಕಟ್ಟು ಮುಗಿದಾಗ ಎದ್ದು ನೀರು ಕುಡಿದು ಬರುತ್ತೇನೆ. ಸೀಮೆಸುಣ್ಣ, ಮಂಚದ ಮೇಲೆ ಕೂತು ತಿದ್ದುವುದನ್ನು ಇವತ್ತೇ ಬಿಡಿರೀ. ಊಟದ ಟೇಬಲ್ ಆದರೂ ಸರಿ.

ಪಿಟಿ ಸರ್ (ಬಳ್ಳಾರಿ)
ವ್ಯಾಯಾಮ ಇಲ್ಲದೆ ಬರೀ ಸ್ಟೂಲಿನಿಂದ ಏನೂ ಆಗದು. ಬೆಳಗ್ಗೆ ಎದ್ದ ಕೂಡಲೇ ಸೂರ್ಯ ನಮಸ್ಕಾರ ಹಾಕಿ, ಎಲ್ಲ ಸರಿಹೋಗುತ್ತದೆ.

ಕರಾವಳಿ ಫಿಸಿಯೋ (ಮಂಗಳೂರು)
ವ್ಯಾಯಾಮ ಬೇಕು ಅನ್ನುವುದಕ್ಕೆ ನೂರಕ್ಕೆ ನೂರು ಒಪ್ಪಿಗೆ. ಆದರೆ ನೋವಿರುವವರು ಎದ್ದ ಕೂಡಲೇ ಮುಂದಕ್ಕೆ ಬಾಗುವುದು ಬೇಡ. ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರಿಕೊಂಡು ಉಬ್ಬಿರುತ್ತದೆ, ಬೆಳಗ್ಗೆ ಬೆನ್ನು ಬಿಗಿಯಾಗಿರುತ್ತದೆ. ಆಗ ಬಾಗಿದರೆ ಒತ್ತಡ ಜಾಸ್ತಿ. ನಮ್ಮ ಟೀಚರಮ್ಮಂದಿರು ಎದ್ದ ಕೂಡಲೇ ಮಾಡುವುದು ಏನು? ಅಂಗಳ ಗುಡಿಸುವುದು, ರಂಗೋಲಿ, ಬಟ್ಟೆ ಒಗೆಯುವುದು, ಎಲ್ಲವೂ ಬಗ್ಗಿಯೇ. ಶಾಲೆಗೆ ಬರುವ ಮೊದಲೇ ಸೊಂಟ ಅರ್ಧ ದಣಿದಿರುತ್ತದೆ. ಮೊದಲ ಒಂದು ಗಂಟೆ ಬಗ್ಗುವ ಕೆಲಸ ಬಿಡಿ, ಉದ್ದ ಹಿಡಿಯ ಪೊರಕೆ ತೆಗೆದುಕೊಳ್ಳಿ, ಆ ಕೆಲಸವನ್ನು ಮನೆಯ ಗಂಡಸರಿಗೂ ಹಂಚಿ.

ಸಂಜೆ ಭುಜಂಗಾಸನ, ಸೇತುಬಂಧಾಸನ, ಮಾರ್ಜಾಲಾಸನ ಮಾಡಬಹುದು. ಅಂಬೆಗಾಲಿನ ಭಂಗಿಯಲ್ಲಿ ಬಲಗೈ ಮುಂದಕ್ಕೆ, ಎಡಗಾಲು ಹಿಂದಕ್ಕೆ ಚಾಚಿ ಹತ್ತು ಎಣಿಸಿ, ಆಮೇಲೆ ಇನ್ನೊಂದು ಕಡೆ. ಕಾಲಿಗೆ ನೋವು ಇಳಿದರೆ ಅಲ್ಲೇ ನಿಲ್ಲಿಸಿ.

ಎಲ್ಲಕ್ಕಿಂತ ಸುಲಭ ನಡಿಗೆ. 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಆಸ್ಟ್ರೇಲಿಯಾದ ಅಧ್ಯಯನ ಬಂತು. ಸೊಂಟ ನೋವು ಬಂದು ವಾಸಿಯಾಗಿದ್ದ 701 ಜನ. ಕ್ರಮವಾಗಿ ನಡಿಗೆ ಹೆಚ್ಚಿಸಿಕೊಂಡ ಗುಂಪಿನಲ್ಲಿ ನೋವು ಮರಳಲು ಸರಾಸರಿ ಅನ್ನಬಹುದಾದ ಅವಧಿ 208 ದಿನ. ನಡಿಗೆ ಹೇಳಿಕೊಡದ ಗುಂಪಿನಲ್ಲಿ 112 ದಿನ.

ಕಾಪಿ ಬುಕ್
ನಾವು ಶಾಲೆಯಲ್ಲಿ ದಿನವೆಲ್ಲ ನಡೆಯುತ್ತೇವಲ್ಲ ಮೇಡಂ, ಅದು ಲೆಕ್ಕಕ್ಕೆ ಇಲ್ಲವೇ?

ಕರಾವಳಿ ಫಿಸಿಯೋ (ಮಂಗಳೂರು)
ಬೆಂಚುಗಳ ನಡುವೆ ಎರಡು ಹೆಜ್ಜೆ ಹಾಕಿ ನಿಲ್ಲುವುದು ಬೇರೆ, ಕೈ ಬೀಸಿ ಅರ್ಧ ಗಂಟೆ ನಡೆಯುವುದು ಬೇರೆ. ವಾರಕ್ಕೆ ಮೂರರಿಂದ ಐದು ದಿನ ಸಾಕು. ಹತ್ತು ನಿಮಿಷದಿಂದ ಶುರು ಮಾಡಿ.

ಪಿಟಿ ಸರ್ (ಬಳ್ಳಾರಿ)
ಬೆಳಗಿನ ವಿಷಯ ಒಪ್ಪಿದೆ. ನನ್ನ ಕಡೆಯಿಂದ ಒಂದು: ಪಿರಿಯಡ್ ಬದಲಾಗುವಾಗ ಮಕ್ಕಳನ್ನೂ ಎಬ್ಬಿಸಿ. ಎರಡು ಕೈ ಸೊಂಟದ ಮೇಲೆ ಇಟ್ಟು ನಿಧಾನವಾಗಿ ಹಿಂದಕ್ಕೆ ಬಾಗುವುದು, ಕೈ ಮೇಲೆತ್ತಿ ಮೈ ಚಾಚುವುದು, ಹೆಗಲು ತಿರುಗಿಸುವುದು. ಒಂದೂವರೆ ನಿಮಿಷದ ಕೆಲಸ. ನಮ್ಮ ಶಾಲೆಯಲ್ಲಿ ಎಲ್ಲ ತರಗತಿಗೂ ಮಾಡಿಸುತ್ತೇವೆ. ಮಕ್ಕಳ ತೂಕಡಿಕೆಯೂ ಹೋಗುತ್ತದೆ.

ಸೀಮೆಸುಣ್ಣ (ಹುಬ್ಬಳ್ಳಿ)
ಇಷ್ಟೊಂದು ಜನ ಬರೆದಿದ್ದೀರಿ, ಎಲ್ಲರಿಗೂ ಋಣಿ. ಎಂಆರ್‌ಐ ಸದ್ಯ ಬೇಡ ಅಂತ ಮನೆಯಲ್ಲಿ ಹೇಳಿದೆ, ಡಾಕ್ಟರ್ ಹತ್ತಿರ ಮೊದಲು ತೋರಿಸುತ್ತೇನೆ. ಲಾಯರ್ ಸರ್ ಹೇಳಿದ ಹಾಗೆ ನಮ್ಮ ಸ್ಟಾಫ್ ರೂಮಿನಲ್ಲಿ ಮಾತಾಡಿದೆ. ನೋವು ನನಗೊಬ್ಬಳಿಗೇ ಅಂದುಕೊಂಡಿದ್ದೆ. ಒಬ್ಬರಿಗೆ ಹಿಮ್ಮಡಿ, ಒಬ್ಬರಿಗೆ ಕಾಲಿನಲ್ಲಿ ನರ ಉಬ್ಬಿದೆ, ಮೂವರಿಗೆ ಸೊಂಟ. ಎಲ್ಲರೂ ಸಹಿ ಹಾಕಲು ಒಪ್ಪಿದ್ದಾರೆ. ಕುರ್ಚಿ ಅಂತ ಕೇಳದೆ, ಮರಗೆಲಸದ ಅಣ್ಣ ಹೇಳಿದ ಎತ್ತರದ ಸ್ಟೂಲ್ ಅಂತ ಕೇಳುತ್ತಿದ್ದೇವೆ. ಅಣ್ಣ, ಅದರ ಅಗಲ ಎಷ್ಟು?

ಮರಗೆಲಸ (ಸಾಗರ)
ಮೇಲಿನ ಹಲಗೆ ಒಂದಡಿ ಚೌಕ ಸಾಕಮ್ಮ. ಕೆಳಗೆ ಕಾಲುಗಳು ಒಂದೂಕಾಲು ಅಡಿಗೆ ಹರಡಿರಲಿ, ಆಗ ಮಗುಚುವುದಿಲ್ಲ. ಸಣ್ಣ ಮಕ್ಕಳ ತರಗತಿಯಾದ್ದರಿಂದ ಮೂಲೆಗಳನ್ನು ಗುಂಡಗೆ ಉಜ್ಜಿಸಿ.

ಬಯಲುಸೀಮೆ
ಅಕ್ಕ, ಆಡಳಿತದವರು ಏನಂದರು ಅಂತ ತಪ್ಪದೆ ತಿಳಿಸಿ. ಒಪ್ಪಿದರೆ ನಮ್ಮ ಕಡೆಯೂ ಇದೇ ಪತ್ರ ಕೊಡುತ್ತೇವೆ.

ಹೊಸ ಟೀಚರ್ (ಮೈಸೂರು)
ತಡವಾಗಿ ಬಂದೆ. ಬಿ.ಎಡ್ ಮುಗಿಸಿ ಈ ವರ್ಷವಷ್ಟೇ ಸೇರಿದ್ದೇನೆ. ನಮ್ಮಲ್ಲಿ ಸೀರೆ, ಹೀಲ್ಸ್ ಚಪ್ಪಲಿ ಕಡ್ಡಾಯದ ಹಾಗೆ. ಚಪ್ಪಲಿ ಬಗ್ಗೆ ಯಾರಾದರೂ ಹೇಳುತ್ತೀರಾ?

ಕರಾವಳಿ ಫಿಸಿಯೋ (ಮಂಗಳೂರು)
ಎತ್ತರದ ಹೀಲ್ಸ್ ಬೇಡ, ತೀರಾ ತೆಳುವಾದ ಹವಾಯಿಯೂ ಬೇಡ. ಒಂದಿಂಚಿನೊಳಗಿನ ಅಗಲ ಹಿಮ್ಮಡಿ, ಮೆತ್ತಗಿನ ಅಟ್ಟೆ, ಹಿಂದೆ ಪಟ್ಟಿ ಇರುವ ಚಪ್ಪಲಿ ತೆಗೆದುಕೊಳ್ಳಿ. ಸೀರೆಯ ಜೊತೆಗೂ ಚೆನ್ನಾಗಿಯೇ ಕಾಣುತ್ತದೆ. ಕೊಳ್ಳುವುದಾದರೆ ಸಂಜೆ ಹೊತ್ತು ಹೋಗಿ ಹಾಕಿ ನೋಡಿ, ದಿನವೆಲ್ಲ ನಿಂತ ಪಾದ ಆಗ ಸ್ವಲ್ಪ ಊದಿರುತ್ತದೆ, ಸರಿಯಾದ ಅಳತೆ ಸಿಗುತ್ತದೆ.